ಎರಡು ಡಿಸ್ಕಿನ ಪ್ರೇಮ

ನಮ್ಮನೆ ಶೋಕೇಸಿನ ಕೆಳಗಿನ ಖಾನೆ ತುಂಬಾ ಹಳೇ ಕನ್ನಡ ಸಿನಿಮಾಗಳ ವಿಸಿಡಿ, ಅಂದರೆ ಸಿನಿಮಾ ತುಂಬಿದ ಡಿಸ್ಕುಗಳು. ಅರವತ್ತು, ಎಪ್ಪತ್ತರ ದಶಕದ ಪ್ರೇಮಕಥೆಗಳೇ ಜಾಸ್ತಿ. "ಎಲ್ಲಾ ಯೂಟ್ಯೂಬಲ್ಲೇ ಇದೆಯಲ್ಲಪ್ಪಾ" ಅನ್ನುತ್ತಾಳೆ ಮಗಳು. ಇದೆ, ನಿಜ. ಆದರೆ ಅಲ್ಲಿ ಕಲ್ಪನಾ ಕಣ್ಣು ತುಂಬಿಕೊಳ್ಳುವ ಹೊತ್ತಿಗೆ ಸರಿಯಾಗಿ ಅಡುಗೆ ಎಣ್ಣೆ ಜಾಹೀರಾತು ಬರುತ್ತದೆ.

ವಿಸಿಡಿಯದೂ ಒಂದು ರಗಳೆಯೇ. ಒಂದು ಡಿಸ್ಕಿನಲ್ಲಿ ಹಿಡಿಸುವುದು ಹೆಚ್ಚುಕಡಿಮೆ 80 ನಿಮಿಷ. ಹಾಗಾಗಿ ಒಂದು ಸಿನಿಮಾಕ್ಕೆ ಎರಡು ಡಿಸ್ಕು, ಉದ್ದವಿದ್ದರೆ ಮೂರು. ನಾಯಕ ಮನಸ್ಸಿನ ಮಾತು ಹೇಳೋಣ ಅಂತ ಬಾಯಿ ತೆರೆದಿರುತ್ತಾನೆ, ಟಿವಿ ಕಪ್ಪಾಗುತ್ತದೆ. ನಾವು ಎದ್ದು ಹೋಗಿ ಎರಡನೆಯದನ್ನು ಹಾಕಿದ ಮೇಲೇ ಅವನ ಮಾತು ಪೂರ್ತಿಯಾಗುವುದು.

ಪ್ರೇಮದ ಸಿನಿಮಾ ಅನ್ನುತ್ತೇವೆ ಸರಿ. ಆದರೆ ಇವುಗಳಲ್ಲಿ ಪ್ರೇಮಕ್ಕೆ ಸಿಗುವುದು ಆಸ್ತಿ, ಮನೆತನ, ಅಪ್ಪನ ಮಾತು ಇವೆಲ್ಲ ಕೂತ ಮೇಲೆ ಉಳಿದ ಜಾಗ. ನನಗೆ ಇವು ಹಿಡಿಸುವುದೂ ಅದಕ್ಕೇ. 1967ರ 'ಬೆಳ್ಳಿ ಮೋಡ'ವನ್ನೇ ನೋಡಿ. ತ್ರಿವೇಣಿ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ಕಲ್ಪನಾ ಮಾಡಿದ ಇಂದಿರಾ ಶ್ರೀಮಂತರ ಒಬ್ಬಳೇ ಮಗಳು. ಮೊದಮೊದಲು ಮೋಹನನಿಗೆ ಅವಳ ಮೇಲೆ ಭಾರೀ ಪ್ರೀತಿ. ಅವಳಪ್ಪನ ದುಡ್ಡಲ್ಲೇ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದ, ಮೋಹನನ ಪ್ರೀತಿ ಇಳಿಯಿತು! ಮುಂದೆ ಅವನು ಹಾಸಿಗೆ ಹಿಡಿದಾಗ ಆರೈಕೆ ಮಾಡುವವಳೂ ಇಂದಿರಾನೇ. ಪಶ್ಚಾತ್ತಾಪಪಟ್ಟು ಮದುವೆಯಾಗೋಣ ಅನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಅಳಿಸಿ, ತಿದ್ದಿಸಿ, ಕೊನೆಗೆ ತಾಳಿ ಕಟ್ಟಿಸಿಬಿಡುವುದು ಎಷ್ಟು ಸುಲಭವಿತ್ತು ಅಲ್ವಾ? 1963ರಲ್ಲೇ ತೀರಿಕೊಂಡ ತ್ರಿವೇಣಿಯವರಿಗೆ ತಮ್ಮ ಇಂದಿರೆಯನ್ನು ತೆರೆಯ ಮೇಲೆ ನೋಡುವ ಭಾಗ್ಯವಿರಲಿಲ್ಲ. ಅದೇ ಚಿತ್ರದಲ್ಲಿ ಬೇಂದ್ರೆಯವರ 'ಮೂಡಲ ಮನೆಯ' ಬಂದಾಗ ಮಾತ್ರ ನಮ್ಮ ಮಗಳೂ ಮೊಬೈಲ್ ಕೆಳಗಿಡುತ್ತಾಳೆ.

ಹೆಂಡತಿಯ ಆಯ್ಕೆ 1974ರ 'ಎರಡು ಕನಸು'. ವಾಣಿಯವರ ಕಾದಂಬರಿ, ರಾಜನ್-ನಾಗೇಂದ್ರ ಸಂಗೀತ. ಹಾಡುಗಳಿಗೆ ಅವಳೂ ಗುನುಗುತ್ತಾಳೆ, ಕಥೆಗೆ ಮಾತ್ರ ರೇಗುತ್ತಾಳೆ. ರಾಜ್‌ಕುಮಾರ್ ಹಳೇ ಪ್ರೀತಿಯನ್ನು ಮರೆಯಲಾಗದೆ, ಕಟ್ಟಿಕೊಂಡ ಕಲ್ಪನಾ ಕಡೆ ತಿರುಗಿಯೂ ನೋಡುವುದಿಲ್ಲ. ಅವಳೋ ಕಾಯುತ್ತಲೇ ಇರುತ್ತಾಳೆ.

"ನಾನಾಗಿದ್ದಿದ್ರೆ ಎರಡನೇ ದಿನಾನೇ ತವರಿಗೆ ಬಸ್ ಹತ್ತುತಿದ್ದೆ" ಅಂದಳು ಮೊನ್ನೆ.

ಹಾಗೇನಾದರೂ ಆಗಿದ್ದರೆ ಸಿನಿಮಾ ಒಂದೇ ಡಿಸ್ಕಿನಲ್ಲಿ ಮುಗಿದಿರುತ್ತಿತ್ತು.