ಹಬ್ಬದ ದುಡ್ಡು ಯಾರ ಕೈಲಿದೆ?

ಲಂಡನ್ನಿನ ನಾಟಿಂಗ್ ಹಿಲ್ ಬಡಾವಣೆಯಲ್ಲಿ ಕೆರಿಬಿಯನ್ ಜನರ, ಅಂದರೆ ವೆಸ್ಟ್ ಇಂಡೀಸ್ ಕಡೆಯವರ, ದೊಡ್ಡ ಬೀದಿ ಹಬ್ಬವೊಂದು ನಡೆಯುತ್ತದೆ. ಆ ನಾಟಿಂಗ್ ಹಿಲ್ ಕಾರ್ನಿವಲ್ ಅಂದರೆ ಇಲ್ಲಿನ ನಮ್ಮ ಕನ್ನಡದವರು ಅನೇಕರು ಮೂಗು ಮುರಿಯುತ್ತಾರೆ. ಗದ್ದಲ, ಕುಡಿತ, ಎಲ್ಲಿ ನೋಡಿದರೂ ಪೊಲೀಸರು, ಆ ಕಡೆ ಹೋಗಬೇಡಿ ಅನ್ನುತ್ತಾರೆ. ನಾನಂತೂ ಹೋಗಿ ಅನ್ನುತ್ತೇನೆ. ಆಗಸ್ಟ್ ಕೊನೆಯ ಸೋಮವಾರ ಇಲ್ಲಿ ರಜೆ. ಅದರ ಹಿಂದಿನ ಭಾನುವಾರ ಕಾರ್ನಿವಲ್‌ನಲ್ಲಿ ಮಕ್ಕಳು, ಕುಟುಂಬಗಳದ್ದೇ ದಿನ.

ಇದರ ಬೇರು ಕುಣಿತದಲ್ಲಿಲ್ಲ, ಏಟಿನಲ್ಲಿದೆ. 1958ರಲ್ಲಿ ಆ ಬಡಾವಣೆಯಲ್ಲಿ ಬಿಳಿ ಹುಡುಗರ ಗುಂಪುಗಳು ಕೆರಿಬಿಯನ್ ಜನರ ಮೇಲೆ ಬಿದ್ದವು. ಮರುವರ್ಷದ ಜನವರಿಯಲ್ಲಿ ಕ್ಲಾಡಿಯಾ ಜೋನ್ಸ್ ಸೇಂಟ್ ಪ್ಯಾಂಕ್ರಾಸ್ ಟೌನ್ ಹಾಲಿನೊಳಗೆ ಒಂದು ಕಾರ್ನಿವಲ್ ಮಾಡಿಸಿದರು. ಚಳಿಗಾಲ, ಬೀದಿಯಲ್ಲಿ ಹೇಗೆ ಕುಣಿಯುವುದು? ಟ್ರಿನಿಡಾಡ್‌ನಲ್ಲಿ ಹುಟ್ಟಿದ ಈಕೆ ಕಮ್ಯುನಿಸ್ಟ್ ಅಂತ ಅಮೆರಿಕದಲ್ಲಿ ಜೈಲು ಕಂಡು, ಅಲ್ಲಿಂದ ಗಡೀಪಾರಾಗಿ ಬಂದವರು. ಲಂಡನ್ನಿನಲ್ಲಿ ಪತ್ರಿಕೆ ನಡೆಸುತ್ತಿದ್ದರು. ಆ ಕಾರ್ನಿವಲ್ಲಿನ ಸ್ಮರಣ ಸಂಚಿಕೆ ಮಾರಿ ಬಂದ ದುಡ್ಡಿನಲ್ಲಿ ಒಂದು ಪಾಲು ಗಲಭೆಯಲ್ಲಿ ಸಿಕ್ಕಿಬಿದ್ದ ಹುಡುಗರ ದಂಡ ಕಟ್ಟುವುದಕ್ಕೆ ಅಂತ ಅದರಲ್ಲೇ ಅಚ್ಚಾಗಿತ್ತು. ಕಪ್ಪು ಹುಡುಗರದ್ದು ಮಾತ್ರ ಅಲ್ಲ, ಬಿಳಿಯರದ್ದೂ.

ಬೀದಿಗೆ ಹಬ್ಬ ಬಂದದ್ದು 1966ರಲ್ಲಿ. ತಂದದ್ದೂ ಹೆಂಗಸೇ, ರೌನ್ ಲ್ಯಾಸ್ಲೆಟ್. ಅಕ್ಕಪಕ್ಕದ ಬಡವರಿಗೆ ಸಲಹೆ ಕೊಡುವ ಕೆಲಸ ಮಾಡುತ್ತಿದ್ದವರು, ಅಲ್ಲಿನ ಮಕ್ಕಳಿಗಾಗಿ ಈ ಹಬ್ಬ ಶುರು ಮಾಡಿದರು.

ಈಗ ಇಲ್ಲಿ ನಾವು ಮಾಡುವ ರಾಜ್ಯೋತ್ಸವ ನೋಡಿ. ಬೈಯುವುದಕ್ಕೆ ಅಂತ ಹೇಳುತ್ತಿಲ್ಲ. ಗಂಡನ ವೀಸಾದ ಮೇಲೆ ಬಂದು, ನಾಲ್ಕು ಗೋಡೆ ಬಿಟ್ಟರೆ ಬೇರೇನೂ ಕಾಣದ ಹೆಣ್ಣುಮಗಳಿಗೆ ಮೊದಲ ಗೆಳತಿ ಸಿಗುವುದು ಇಂಥ ಕಡೆಯೇ. ಬಿಸಿಬೇಳೆಬಾತು ಬಡಿಸುತ್ತಾ ಯಾವ ಡಾಕ್ಟರು ಒಳ್ಳೆಯವರು, ಕೆಲಸಕ್ಕೆ ಎಲ್ಲಿ ಅರ್ಜಿ ಹಾಕಬೇಕು ಎಲ್ಲ ಗೊತ್ತಾಗುತ್ತದೆ. ಆದರೆ ವೇದಿಕೆ ಮೇಲೆ ಯಾರಿದ್ದಾರೆ? ಶಾಲು, ಹಾರ, ಮೈಸೂರು ಪೇಟ ಗಂಡಸರಿಗೆ. ಆ ಶಾಲಿನ ತಟ್ಟೆ ಹಿಡಿದು ಬರುವುದು ರೇಷ್ಮೆ ಸೀರೆಯ ಹೆಂಗಸರು. ಡ್ಯಾನ್ಸು, ಊಟ, ರಂಗೋಲಿ ಹೆಂಗಸರದು. ಲೆಕ್ಕಪತ್ರ, ಚೆಕ್ಕು ಗಂಡಸರದು. ಎಲ್ಲ ಕಡೆ ಹೀಗೆಯೇ ಅಂತಲ್ಲ, ಆದರೆ ನಾನು ನೋಡಿದ ಕಡೆ ಇದೇ ಜಾಸ್ತಿ.

ನವರಾತ್ರಿಯ ಗೊಂಬೆ ಕೂರಿಸುವುದು ಪೂರ್ತಿ ಹೆಂಗಸರ ಕೈಯಲ್ಲಿರುವ ಹಬ್ಬ ಅಲ್ವಾ ಅನ್ನಬಹುದು. ನಿಜ. ಆದರೆ ಅರಿಶಿನ ಕುಂಕುಮಕ್ಕೆ ಗಂಡ ತೀರಿಕೊಂಡವರನ್ನು ಕರೆಯದ ಮನೆಗಳು ಇಲ್ಲೂ ಇವೆ. ಏಳು ಸಮುದ್ರ ದಾಟಿ ಬಂದರೂ ಅದನ್ನು ಮಾತ್ರ ಜೋಪಾನವಾಗಿ ತಂದಿದ್ದೇವೆ. ಜೊತೆ ಯಾರಿಗೆ ಹೆಚ್ಚು ಬೇಕೋ ಅವರೇ ಹೊರಗೆ.

ಇಲ್ಲಿ ಗಂಡನ ವೀಸಾದ ಮೇಲೆ ಬಂದವರಿಗೆ ಸಾಮಾನ್ಯವಾಗಿ ಸರ್ಕಾರದ ನೆರವಿನ ದುಡ್ಡು ಸಿಗುವುದಿಲ್ಲ. ಮನೆಯಲ್ಲಿ ಹೊಡೆತ ತಿಂದು ಹೊರಗೆ ಬಂದರೆ ಆ ರಾತ್ರಿ ಎಲ್ಲಿ ಮಲಗುವುದು ಅನ್ನುವುದೇ ಪ್ರಶ್ನೆ. 1979ರಿಂದ ಲಂಡನ್ನಿನ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಅನ್ನುವ ಹೆಂಗಸರ ಸಂಸ್ಥೆ ಇಂಥವರ ಪರ ನಿಂತಿದೆ, ಕಾನೂನಿನ ಹೋರಾಟವನ್ನೂ ಮಾಡುತ್ತಿದೆ. ನಮ್ಮ ಗುಂಪುಗಳಲ್ಲಿ ಈ ಮಾತೆತ್ತಿದರೆ 'ಹಬ್ಬದ ದಿನ ಅದೆಲ್ಲ ಯಾಕೆ' ಅನ್ನುತ್ತಾರೆ. ಕ್ಲಾಡಿಯಾ ಹಬ್ಬ ಮಾಡಿದ್ದೇ ಅಂಥದ್ದಕ್ಕೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಮುಂದಿನ ರಾಜ್ಯೋತ್ಸವದ ಟಿಕೆಟ್ ದುಡ್ಡಿನಲ್ಲಿ ಒಂದು ಪಾಲು ಬೇರೆ ಖಾತೆಗೆ ಹೋಗಲಿ. ಕಷ್ಟಕ್ಕೆ ಸಿಕ್ಕ ಹೆಂಗಸಿಗೆ ವಾರದ ಬಾಡಿಗೆ, ವಕೀಲರ ಫೀಸು, ಊರಿಗೆ ಟಿಕೆಟ್ಟು, ಯಾವುದಕ್ಕಾದರೂ ಸರಿ. ಸಹಿ ಹೆಂಗಸರದ್ದೇ ಇರಲಿ, ಯಾರಿಗೆ ಕೊಟ್ಟರು ಅಂತ ಸಭೆಯಲ್ಲಿ ಕೇಳಬಾರದು. ಮೊದಲ ವರ್ಷ ದುಡ್ಡು ಸಾಲದಿದ್ದರೆ ಪೇಟ, ಶಾಲುಗಳನ್ನು ಸ್ವಲ್ಪ ಕಡಿಮೆ ತರಿಸಿದರಾಯಿತು.