ಬಣ್ಣ ಬಳಿಯದೆ ಬಿಟ್ಟವರು

ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿರುವ ಲಫ್‌ವುಡ್ ಪ್ರಾರ್ಥನಾ ಮಂದಿರದ ಫೋಟೋವನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ‘ಇದೇನೋ, ದನದ ಕೊಟ್ಟಿಗೆಯ ಹಾಗಿದೆ!’ ಎಂದು ಚಿಕ್ಕಪ್ಪ ಬರೆದರು. ಅದರ ಹಿಂದೆಯೇ ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರದ ಚಿತ್ರಗಳು ಬಂದವು. ಅಜ್ಜ ಒರಗಿ ಕೂರುತ್ತಿದ್ದ ಕಲ್ಲುಕಂಬಕ್ಕೆ ಬಂಗಾರದ ಬಣ್ಣದ ಪೇಂಟ್, ಚಪ್ಪಡಿ ನೆಲದ ಮೇಲೆ ಫಳಫಳ ಹೊಳೆಯುವ ಟೈಲ್ಸ್. ಎಲ್ಲರೂ ಕೈಮುಗಿದಿದ್ದರು, ನಾನೂ ಮುಗಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಕೊಟ್ಟಿಗೆ ಎಂದದ್ದರಲ್ಲಿ ನಿಜವಿಲ್ಲದಿಲ್ಲ. ಗುಡ್ಡದ ಇಳಿಜಾರಿಗೆ ಆತುಕೊಂಡ ಒರಟು ಕಲ್ಲಿನ ಗೋಡೆ, ಮೇಲೆ ಹುಲ್ಲಿನ ಹೊದಿಕೆ. ಶಿಖರವಿಲ್ಲ, ಬಣ್ಣದ ಗಾಜಿಲ್ಲ. ಅಧಿಕೃತ ಚರ್ಚಿನಿಂದ ಬೇರೆಯಾದ ಕ್ರೈಸ್ತ ಪಂಥದವರಾದ, ಪಕ್ಕದ ಕಿಲ್ಮಿಂಗ್ಟನ್ ಊರಿನ ಬ್ಯಾಪ್ಟಿಸ್ಟರು 1653ರ ಸುಮಾರಿಗೆ ಇದನ್ನು ಕಟ್ಟಿಕೊಂಡರು. ಮನೆಯವರಲ್ಲದ ಐವರು ಅಥವಾ ಹೆಚ್ಚು ಜನ ಅಧಿಕೃತ ಚರ್ಚಿನ ಹೊರಗೆ ಪ್ರಾರ್ಥನೆಗೆ ಕೂಡುವುದೇ 1664ರ ಕಾನೂನಿನಲ್ಲಿ ಅಪರಾಧವಾಯಿತು. ಅಡಗಲು ಕಾಡಿನ ಮರೆಯೂ ದಾಟಿ ತಪ್ಪಿಸಿಕೊಳ್ಳಲು ಪಕ್ಕದ ಡಾರ್ಸೆಟ್ ಸೀಮೆಯ ಗಡಿಯೂ ಹತ್ತಿರವಿದ್ದದ್ದು ಆಗ ಒದಗಿಬಂತು.

ಒಳಗೆ ಅವರ ಮತವೇ ಮರಗೆಲಸವಾಗಿ ನಿಂತಿದೆ. ಕಣ್ಣು ಮೊದಲು ಹೋಗುವುದು ಎತ್ತರದ ಉಪದೇಶ ಪೀಠಕ್ಕೆ, ಏಕೆಂದರೆ ಇಲ್ಲಿಗೆ ಜನ ಬರುತ್ತಿದ್ದದ್ದು ದರ್ಶನಕ್ಕಲ್ಲ, ಕೇಳುವುದಕ್ಕೆ. ನೆಲದ ಹಲಗೆಗಳ ಕೆಳಗೆ ದೀಕ್ಷಾಸ್ನಾನದ ತೊಟ್ಟಿ. ಕೂಸಿನ ತಲೆಗೆ ನೀರು ಚಿಮುಕಿಸುವುದನ್ನು ಒಪ್ಪದ ಇವರು, ತಿಳಿವಳಿಕೆ ಬಂದವರನ್ನು ಪೂರ್ತಿ ಮುಳುಗಿಸಿ ಎಬ್ಬಿಸುತ್ತಾರೆ. ಬಾಗಿಲುಳ್ಳ ಪೆಟ್ಟಿಗೆಯಂಥ ಆಸನಗಳು 18ನೇ ಶತಮಾನದವು. ಹಿಂದುಗಡೆ ವಾದ್ಯದವರ ಅಟ್ಟಣಿಗೆ, ಅದರಡಿ ದೂರದಿಂದ ಬಂದವರು ದಣಿವಾರಿಸಿಕೊಳ್ಳಲು ಎರಡು ಕೋಣೆ. ಮರಕ್ಕೆ ಬಣ್ಣ ಬಳಿದಿಲ್ಲ. ದಾನಿಯ ಹೆಸರು ಹೊತ್ತ ಟ್ಯೂಬ್‌ಲೈಟ್ ಇಲ್ಲ. ಅಲ್ಲಿ ಕೂತಾಗ ನನಗೆ ಭಕ್ತಿಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು.

1817ರಲ್ಲಿ ಬಂಗಾಳದ ಶ್ರೀರಾಮಪುರದಿಂದ ಕನ್ನಡ ವ್ಯಾಕರಣ ಹೊರತಂದ ವಿಲಿಯಂ ಕೇರಿಯೂ ಮೊದಲು ಹಳ್ಳಿಯೊಂದರ ಬ್ಯಾಪ್ಟಿಸ್ಟ್ ಬೋಧಕನೇ ಎಂದು ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. ‘ಹೌದಾ’ ಎಂದವರೇ ಟೈಲ್ಸಿನ ದರಕ್ಕೆ ಬಂದರು.

ಮನಸ್ಸಿಲ್ಲದಿದ್ದರೂ ಅವರ ಪರವಾಗಿ ಒಂದು ಮಾತು ಹೇಳಬೇಕು. ಲಫ್‌ವುಡ್ಡಿನ ಸಭೆ 19ನೇ ಶತಮಾನದಲ್ಲಿ ಕಿಲ್ಮಿಂಗ್ಟನ್ ಊರೊಳಗೆ ಬೇರೆ ಮಂದಿರ ಕಟ್ಟಿಕೊಂಡಿತು. ಹಳೆಯದನ್ನು ಈಗ ಪುರಾತನ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡಿಕೊಳ್ಳುತ್ತದೆ, ಪ್ರಾರ್ಥನೆ ನಡೆಯುವುದು ಅಪರೂಪ. ಅಭಿಷೇಕದ ನೀರು, ದೀಪದೆಣ್ಣೆಯ ಜಿಡ್ಡು, ತೇರಿನ ದಿನದ ನೂಕುನುಗ್ಗಲು ಯಾವುದೂ ಅದಕ್ಕೆ ತಗಲುವುದಿಲ್ಲ. ನಮ್ಮದಕ್ಕೆ ದಿನಾ ಜನ ಬರುತ್ತಾರೆ, ಆದ್ದರಿಂದ ಮಾಸುತ್ತದೆ. ಒಪ್ಪಿದೆ. ಆದರೆ ಮಾಸಿದ ಕಲ್ಲಿಗೆ ನೀರು ಮತ್ತು ತೆಂಗಿನ ನಾರು ಸಾಕಿತ್ತು. ಒದ್ದೆ ಟೈಲ್ಸಿನ ಮೇಲೆ ಪ್ರದಕ್ಷಿಣೆ ಬರುವ ಅಜ್ಜಿಯಂದಿರು ಜಾರಿ ಬಿದ್ದರೆ ಯಾರು ಹೊಣೆ ಎಂದು ಸಮಿತಿಯ ಒಬ್ಬರನ್ನು ಕೇಳಿದೆ. ‘ಅದೆಲ್ಲ ಇರಲಿ, ನಿಮ್ಮ ಹೆಸರಿಗೆ ಎಷ್ಟರ ರಸೀದಿ ಬರೆಯಲಿ?’ ಎಂದರು.