ಕ್ರಿಯಾ ಯೋಜನೆ ಓದಬೇಡಿ, ಬಿಡಿಸಿ ತೋರಿಸಿ

ಗ್ರಾಮಸಭೆಗೆ ಹೋಗಿ ಬಂದವರಿಗೆಲ್ಲ ಈ ಸಾಲು ಬಾಯಿಪಾಠ: "ರಾಮಪ್ಪನವರ ಮನೆಯಿಂದ ಈರಪ್ಪನವರ ಮನೆವರೆಗೆ ಸಿಸಿ ಚರಂಡಿ ನಿರ್ಮಾಣ, ಅಂದಾಜು ಮೊತ್ತ ಎರಡು ಲಕ್ಷ." ಆಮೇಲೆ ಶಾಲೆ ಕಾಂಪೌಂಡ್. ಅದಾದ ಮೇಲೆ ಇನ್ನೊಬ್ಬ ರಾಮಪ್ಪ. ಪಂಚಾಯಿತಿಯ ವರ್ಷದ ಕಾಮಗಾರಿಗಳ ಈ ಪಟ್ಟಿಯೇ ಕ್ರಿಯಾ ಯೋಜನೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅದನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಾರೆ. ಹಿಂದೆ ಕೂತವರು ಮೊಬೈಲ್ ನೋಡುತ್ತಿರುತ್ತಾರೆ. ಕೊನೆಗೆ ನಡಾವಳಿ ಪುಸ್ತಕಕ್ಕೆ ಸಹಿ ಬೀಳುತ್ತದೆ, "ಸರ್ವಾನುಮತದಿಂದ ಅನುಮೋದಿಸಲಾಯಿತು". ಊರಲ್ಲಿ ಎಷ್ಟು ಜನ ರಾಮಪ್ಪ ಇದ್ದಾರೆ ಅಂತ ಕೇಳುವವರೇ ಇಲ್ಲ.

ಪಂಚಾಯಿತಿಗಳು ತಮ್ಮ ಯೋಜನೆ ತಾವೇ ಮಾಡಿಕೊಳ್ಳಲಿ ಅಂತ ಸಂವಿಧಾನದ 73ನೇ ತಿದ್ದುಪಡಿ ದಾರಿ ಮಾಡಿಕೊಟ್ಟಿದ್ದು 1993ರಲ್ಲಿ. 2018ರ ಅಕ್ಟೋಬರ್ 2ರಿಂದ ಅದಕ್ಕೊಂದು ದೇಶವ್ಯಾಪಿ ಅಭಿಯಾನವೂ ಶುರುವಾಯಿತು. ಆದರೆ ಎಷ್ಟೋ ಕಡೆ ಪಟ್ಟಿ ಸರ್ಕಾರದ ಪೋರ್ಟಲ್‌ಗೆ ಏರಿದರೆ ಅಲ್ಲಿಗೆ ಯೋಜನೆ ಮುಗಿಯಿತು.

ಇದಕ್ಕೆ ಚಿತ್ರ ಬೇಕು ಅಂದಕೂಡಲೇ ಫ್ಲೆಕ್ಸ್ ಪ್ರಿಂಟ್ ಮಾಡಿಸುತ್ತಾರೆ. ಅದರಲ್ಲಿ ಮುಕ್ಕಾಲು ಭಾಗ ಕೈಮುಗಿದ ಮುಖಗಳೇ. ನಾನು ಹೇಳುತ್ತಿರುವುದು ಅದಲ್ಲ.

80ರ ದಶಕದ ಕೊನೆಯಲ್ಲಿ ನಮ್ಮ ಬೆಂಗಳೂರಿನದೇ ಆದ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಹಳ್ಳಿ ಜನರಿಂದಲೇ ನೆಲದ ಮೇಲೆ ಊರಿನ ನಕ್ಷೆ ಬಿಡಿಸುವ ಪದ್ಧತಿಯನ್ನು ಬೆಳೆಸಿತು. ಸಲಕರಣೆ ಅಂದರೆ ರಂಗೋಲಿ ಪುಡಿ, ಇಟ್ಟಿಗೆ ಪುಡಿ, ಹುಣಸೆ ಬೀಜ, ಕಲ್ಲು, ಎಲೆ, ಅಷ್ಟೇ. ಮೊದಲು ಗುಡಿ, ಕೆರೆ, ದಾರಿ ಬರುತ್ತವೆ. ಆಮೇಲೆ ಮನೆಗಳು. ಇಂಥ ಕಡೆ ನಿಂತು ನೋಡಬೇಕು. ಗಂಡಸರು ಗತ್ತಿನಿಂದ ನಲ್ಲಿ ಗುರುತು ಹಾಕಿರುತ್ತಾರೆ. ಯಾರೋ ಅಜ್ಜಿ ಬಂದು ಕಾಲಲ್ಲೇ ಒರೆಸುತ್ತಾಳೆ: "ಪೈಪ್ ಐತೆ ಕಣಪ್ಪ, ನೀರೆಲ್ಲೈತೆ?" ಆ ಮಾತು ಯಾವ ಪಟ್ಟಿ ಓದಿದಾಗಲೂ ಹೊರಗೆ ಬರುವುದಿಲ್ಲ.

ಇದೇ ನಕ್ಷೆಯ ಮೇಲೆ ಈ ವರ್ಷದ ಒಂದೊಂದು ಕಾಮಗಾರಿಗೂ ಒಂದೊಂದು ಚೆಂಡುಹೂವು ಇಡಿ. ಹತ್ತರಲ್ಲಿ ಎಂಟು ಹೂವು ಮೇಲಿನ ಕೇರಿಯಲ್ಲೇ ಬಿದ್ದರೆ, ಕಾಲೋನಿಯವರಿಗೆ ಯಾರೂ ಭಾಷಣ ಮಾಡಿ ವಿವರಿಸಬೇಕಿಲ್ಲ.

ಹಣದ ಲೆಕ್ಕಕ್ಕೂ ಒಂದು ಹಳೆಯ ಉಪಾಯ ಇದೆ. 1925ರಲ್ಲಿ ವಿಯೆನ್ನಾದಲ್ಲಿ ಒಟ್ಟೊ ನ್ಯೂರಾತ್ ಅನ್ನುವವರು ಸಾಮಾನ್ಯ ಜನರಿಗೆ ಊರಿನ ಅಂಕಿ-ಅಂಶ ಅರ್ಥವಾಗಲಿ ಅಂತ ಮ್ಯೂಸಿಯಂ ಕಟ್ಟಿದರು. ಜಾಸ್ತಿ ಇರುವುದನ್ನು ದೊಡ್ಡ ಚಿತ್ರವಾಗಿ ತೋರಿಸಬೇಡಿ, ಅದೇ ಅಳತೆಯ ಚಿತ್ರಗಳನ್ನು ಜಾಸ್ತಿ ಇಡಿ ಅನ್ನುವುದು ಅವರ ನಿಯಮ. ಎರಡು ಪಟ್ಟು ಹಣ ಅಂತ ನಾಣ್ಯವನ್ನು ಎರಡು ಪಟ್ಟು ಎತ್ತರ ಬರೆದರೆ ಅಗಲವೂ ಎರಡು ಪಟ್ಟಾಗಿ, ಕಣ್ಣಿಗೆ ನಾಲ್ಕು ಪಟ್ಟು ಕಾಣುತ್ತದೆ. ಈ ಮೋಸ ಇವತ್ತಿಗೂ ಸರ್ಕಾರಿ ಜಾಹೀರಾತುಗಳಲ್ಲಿ ಆರಾಮಾಗಿ ನಡೆಯುತ್ತಿದೆ, ಬಿಡಿ.

ಕೇಂದ್ರದಿಂದ ಪಂಚಾಯಿತಿಗಳಿಗೆ ಅಂತ ಕೊಟ್ಟ 2021-26ರ 15ನೇ ಹಣಕಾಸು ಆಯೋಗದ ಅನುದಾನವನ್ನೇ ತಗೊಳ್ಳಿ. ಅದರಲ್ಲಿ ಶೇ. 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. ಗೋಡೆ ಮೇಲೆ ಹತ್ತು ಬಿಂದಿಗೆ ಬರೆದು ಆರಕ್ಕೆ ನೀಲಿ ಬಣ್ಣ ಹಚ್ಚಿದರೆ ಸಾಕು. "ರಸ್ತೆಗೆ ದುಡ್ಡಿಲ್ವಾ?" ಅಂತ ಕೇಳುವವನಿಗೆ ಉಳಿದ ನಾಲ್ಕೇ ಬಿಂದಿಗೆಯಲ್ಲಿ ಬೇರೆಲ್ಲ ಆಗಬೇಕು ಅನ್ನುವುದು ಕಾಣುತ್ತದೆ. ಪಿಡಿಒಗೂ ಬೈಗುಳ ಕಮ್ಮಿ.

"ಚಿತ್ರ ಹಾಕಿದರೆ ಗಲಾಟೆ ಜಾಸ್ತಿ ಆಗುತ್ತೆ" ಅನ್ನುವವರಿದ್ದಾರೆ. ಆಗಲಿ. ಗಲಾಟೆ ಆಗದ ಯೋಜನೆಯನ್ನು ಯಾರೂ ನೋಡಿಯೇ ಇಲ್ಲ ಅಂತಲೇ ನಾನು ಲೆಕ್ಕ ಹಾಕುವುದು. ನನಗೆ ಚಿಂತೆ ಇರುವುದು ಬೇರೆ ವಿಷಯಕ್ಕೆ. ರಂಗೋಲಿ ನಕ್ಷೆಯನ್ನು ಚಾರ್ಟ್‌ಗೆ ಇಳಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಆ ಚಾರ್ಟ್ ಬೀರು ಸೇರುತ್ತದೆ. ಹಾಗಾಗಿ ನಕ್ಷೆ ಪಂಚಾಯಿತಿಯ ಹೊರಗೋಡೆ ಮೇಲೇ ಇರಲಿ. ಮಂಜೂರಾದ ಕೆಲಸಕ್ಕೆ ಹಳದಿ ಚುಕ್ಕೆ, ಶುರುವಾದರೆ ನೀಲಿ, ಮುಗಿದರೆ ಹಸಿರು. ಸ್ವಚ್ಛತೆಯ ಘೋಷಣೆ ಬರೆಯಲು ಬರುವ ಪೇಂಟರ್‌ಗೇ ಮೂರು ತಿಂಗಳಿಗೊಮ್ಮೆ ಹೇಳಿ ಕಳಿಸಿದರಾಯಿತು. ಮಾರ್ಚ್ ಕಳೆದರೂ ಹಳದಿಯಾಗೇ ಉಳಿದ ಚುಕ್ಕೆಗಳ ಬಗ್ಗೆ ಅಧ್ಯಕ್ಷರು ಏನು ಹೇಳುತ್ತಾರೆ ಅಂತ ಕೇಳಲು ನಾನಂತೂ ಗ್ರಾಮಸಭೆಯ ಮುಂದಿನ ಸಾಲಲ್ಲೇ ಕೂರುತ್ತೇನೆ.